ಈಸ್ಟರ್ ಮುಗಿಯಲಿ

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ನವೆಂಬರ್ 19, 2023

ಅಕ್ಕಾ,

ಆಗಮನ ಕಾಲ ಶುರುವಾಗಿ ನಿಮ್ಮ ಮಠದ ಬಾಗಿಲು ಮುಚ್ಚುವ ಮೊದಲು ಇದು ಒಳಗೆ ನುಸುಳಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಕ್ರಿಸ್‌ಮಸ್‌ಗೆ ಮೊದಲಿನ ವಾರಗಳಲ್ಲೂ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲೂ ಕಾಗದ ಓದಬಾರದು, ಬರೆಯಬಾರದು ಎಂಬ ನಿಯಮವನ್ನು ಯಾವ ಪುಣ್ಯಾತ್ಮರು ಮಾಡಿದರೋ. ಮಂಗಳೂರಿನ ಮಠದಲ್ಲೂ ಅದೇ ಕಥೆ, ಕ್ವೀನ್ಸ್‌ಗೆ ಕಳಿಸಿದ ಮೇಲೂ ಅದೇ. ಮಠದ ಕಬ್ಬಿಣದ ಜಾಲಿಯ ಹಿಂದೆಯೇ ಬದುಕುವ ಅಕ್ಕನಿಗೆ ಫೋನೂ ಇಲ್ಲ, ಇಮೇಲೂ ಇಲ್ಲ. ಮನೆಯಲ್ಲಿ ಕೊಂಕಣಿ ಆಡಿದರೂ ಕಾಗದ ಮಾತ್ರ ಕನ್ನಡದಲ್ಲಿರಬೇಕು ಎಂದು ಪಪ್ಪ ಬೆತ್ತ ಹಿಡಿದು ಕಲಿಸಿದ್ದು ನಿನ್ನೊಬ್ಬಳಿಂದಾಗಿ ಇನ್ನೂ ಉಪಯೋಗಕ್ಕೆ ಬರುತ್ತಿದೆ.

ವಿಷಯ ಏನೆಂದರೆ, ನಾನು ಆರ್ಗನ್ ನುಡಿಸುವ ಚರ್ಚನ್ನು ಬರುವ ಬೇಸಿಗೆಯಲ್ಲಿ ಮುಚ್ಚುತ್ತಾರೆ. ಜನ ಕಡಿಮೆ, ಫಾದರ್‌ಗಳು ಅದಕ್ಕಿಂತ ಕಡಿಮೆ. ನಮ್ಮನ್ನು ಪಕ್ಕದ ಟೌನಿನ ಚರ್ಚಿಗೆ ಸೇರಿಸುತ್ತಾರಂತೆ. ಅಲ್ಲಿ ಆರ್ಗನ್ ಇಲ್ಲ, ಗಿಟಾರು, ಡ್ರಮ್ಮು. ಇಷ್ಟು ವರ್ಷ ಮದುವೆಗೆ ಒಂದು, ಸಾವಿಗೆ ಒಂದು ಎಂದು ಕೇಳಿದ್ದನ್ನೆಲ್ಲ ನುಡಿಸಿದ್ದೇನೆ. ಈ ಚರ್ಚಿನ ಕೊನೆಯ ಪವಿತ್ರ ವಾರ, ಈಸ್ಟರ್‌ಗೆ ಮುಂಚಿನ ಆ ಏಳು ದಿನ, ನನ್ನದು ಎಂದು ಫಾದರ್‌ಗೆ ಹೇಳಿಬಿಟ್ಟೆ. ಆಗಲಿ ಎಂದರು. ಪವಿತ್ರ ಗುರುವಾರ ಸಂಜೆ ಬ್ರುಕ್ನರ್ ಹಾಡಿಸುತ್ತೇನೆ.

ಯಾರು ಅಂತ ಕೇಳಬೇಡ, ಹೇಳುತ್ತೇನೆ. ಆಸ್ಟ್ರಿಯಾದವನು, ಹಳ್ಳಿ ಮೇಷ್ಟ್ರ ಮಗ, ನಮ್ಮ ಹಾಗೆಯೇ. ಬರುವ ವರ್ಷಕ್ಕೆ ಹುಟ್ಟಿ ಇನ್ನೂರು ವರ್ಷ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ, ವಯಸ್ಸಾದ ಮೇಲೆ ದೊಡ್ಡ ದೊಡ್ಡ ಸಿಂಫನಿ ಬರೆದ. ಅವನ ಸಂಗೀತ ಏರಿ ಏರಿ ತುದಿಗೆ ಹೋಗಿ ಅಲ್ಲಿಗೆ ನಿಂತುಬಿಡುತ್ತದೆ. ಏನೂ ಇಲ್ಲ, ಪೂರ್ತಿ ಮೌನ. ಆಮೇಲೆ ಎಲ್ಲಿಂದಲೋ ಒಂದು ಮೆಲುದನಿ ಹೊರಡುತ್ತದೆ. ವಿಯೆನ್ನಾದವರು ಆ ವಿರಾಮಗಳನ್ನು ಗೇಲಿ ಮಾಡಿದರು. ಇವನು ಪಾಪ, ಕಂಡವರ ಮಾತು ಕೇಳಿ ಕೃತಿಗಳನ್ನು ತಿದ್ದಿ ತಿದ್ದಿ ಆಯುಷ್ಯ ಕಳೆದ. ಕೊನೆಯ ಸಿಂಫನಿಯನ್ನು ದೇವರಿಗೇ ಅರ್ಪಿಸಿದ ಎನ್ನುತ್ತಾರೆ. ಆದರೆ ಮುಗಿಸುವ ಮೊದಲೇ ಹೃದಯ ಕೈಕೊಟ್ಟಿತು. ತಾನು ನುಡಿಸುತ್ತಿದ್ದ ಆರ್ಗನ್ನಿನ ಕೆಳಗೇ ಮಲಗಿದ್ದಾನೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು.

ಜೆಸಿಂತಾ ಚೆನ್ನಾಗಿದ್ದಾಳೆ. ಕಳೆದ ವಾರ ಆರ್ಗನ್ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಕಣ್ಣಿಗೆ ಕತ್ತಲೆ ಬಂತು. ಊಟ ಮಾಡಿರಲಿಲ್ಲ, ಅಷ್ಟೆ.

ನಿನ್ನ ತಮ್ಮ,
ಬೆನ್ನಿ


ಕ್ವೀನ್ಸ್, ನ್ಯೂಯಾರ್ಕ್
ನವೆಂಬರ್ 29, 2023

ಬೆನ್ನಿ,

ಹೇಳಬೇಕಾದ ಒಂದೇ ವಿಷಯವನ್ನು ಕಾಗದದ ಬಾಲಕ್ಕೆ ಕಟ್ಟುವ ಚಾಳಿ ನಿನಗೆ ಹೋಗಲಿಲ್ಲ. ಕಣ್ಣಿಗೆ ಕತ್ತಲೆ ಬಂದದ್ದು ಒಂದೇ ಸಲವೋ? ಊಟ ಏಕೆ ಮಾಡಿರಲಿಲ್ಲ? ನಿಮ್ಮ ಪಕ್ಕದ ಮನೆಯ ಡಾಕ್ಟರ್ ಓಂಕಾರ್ ಹೃದಯದ ಡಾಕ್ಟರೇ ಅಲ್ಲವೋ? ಬೇಲಿ ದಾಟಿ ಹೋಗುವುದಕ್ಕೂ ನಿನಗೆ ಅಪಾಯಿಂಟ್‌ಮೆಂಟ್ ಬೇಕೋ?

ನಿನ್ನ ಬ್ರುಕ್ನರ್ ಒಳ್ಳೆಯವನೇ ಇರಬಹುದು. ಆದರೆ ಆರ್ಗನ್ನಿನ ಕೆಳಗೆ ಮಲಗಿದವನ ಮೇಲೆ ಹೊಟ್ಟೆಕಿಚ್ಚು ಪಡುವುದು ನನಗೆ ಸರಿ ಕಾಣಲಿಲ್ಲ. ಆ ಸಾಲನ್ನು ಓದಿ ನನಗೆ ಭಯವಾಯಿತು, ಮುಚ್ಚಿಡುವುದಿಲ್ಲ.

ಭಾನುವಾರದಿಂದ ನಮಗೆ ಆಗಮನ ಕಾಲ. ಬಂದ ಕಾಗದಗಳನ್ನೆಲ್ಲ ಮದರ್ ಒಂದು ಪೆಟ್ಟಿಗೆಯಲ್ಲಿಡುತ್ತಾರೆ, ಹಬ್ಬಕ್ಕೆ ಕೊಡುತ್ತಾರೆ. ತಪಸ್ಸುಕಾಲಕ್ಕೂ ಹಾಗೆಯೇ. ಆದರೆ ಮದರ್ ಕಲ್ಲಲ್ಲ. ಕಾಯಿಲೆ ಕಸಾಲೆ ಇದ್ದರೆ ಲಕೋಟೆಯ ಮೇಲೆ ‘ತುರ್ತು’ ಎಂದು ಇಂಗ್ಲಿಷಿನಲ್ಲಿ ಬರೆ. ಆ ಕ್ಷಣವೇ ಒಡೆದು ಕೊಡುತ್ತಾರೆ. ಇದನ್ನು ನೆನಪಿಡು.

ಪ್ರಾರ್ಥನೆಯಲ್ಲಿ,
ಸಿಸ್ಟರ್ ಕ್ಲೋಟಿಲ್ಡಾ


ಓಲ್ಡ್ ಬ್ರಿಡ್ಜ್
ಜನವರಿ 3, 2024

ಅಕ್ಕಾ,

ಹೊಸ ವರ್ಷದ ಶುಭಾಶಯ. ಬೇಲಿ ದಾಟಿ ಹೋಗಿದ್ದೆ. ಡಾಕ್ಟರ್ ಎದೆಗೆ ಬಡಿತ ದಾಖಲಿಸುವ ಒಂದು ಪಟ್ಟಿ ಅಂಟಿಸಿ, ಕೆಲವು ದಿನ ಹಾಕಿಕೊಂಡೇ ತಿರುಗಿ ಎಂದರು. ತಿರುಗಿದೆ. ಏನೋ ಸಣ್ಣಪುಟ್ಟದ್ದು ಉಂಟಂತೆ, ಈಸ್ಟರ್ ಮುಗಿಯಲಿ, ನೋಡೋಣ.

ಈಗ ದೊಡ್ಡ ತಲೆನೋವು ನಮ್ಮ ಕೊಯರ್, ಹಾಡುವ ತಂಡ. ಎಲ್ಲರೂ ಕರಾವಳಿಯವರು, ಕಂಠಕ್ಕೆ ಏನೂ ಕೊರತೆಯಿಲ್ಲ. ಸುಮ್ಮನಿರುವುದು ಮಾತ್ರ ಗೊತ್ತಿಲ್ಲ. ಬ್ರುಕ್ನರ್ ವಿರಾಮ ಬರೆದ ಕಡೆ ಯಾರಾದರೊಬ್ಬರು ದಡಕ್ಕನೆ ಮುಂದಿನ ಸಾಲು ಶುರು ಮಾಡಿಬಿಡುತ್ತಾರೆ. ಕೇಳಿದರೆ, ನೀವು ಮರೆತಿರಿ ಅಂತ ಮಾಡಿದೆ ಮಾರಾಯ್ರೇ ಎನ್ನುತ್ತಾರೆ. ಕೊನೆಗೆ ಒಂದು ಕಟ್ಟಳೆ ಮಾಡಿದ್ದೇನೆ. ನಿಂತು ಹಾಡಿಸಿದರೆ ಸುಸ್ತಾಗುವುದರಿಂದ ಬೆಂಚಿನ ಮೇಲೆ ಕೂತೇ ಹಾಡಿಸುತ್ತೇನೆ. ವಿರಾಮ ಬಂದಾಗ ತಲೆ ಬಾಗಿಸುತ್ತೇನೆ. ನಾನು ತಲೆ ಎತ್ತುವ ತನಕ, ಆಕಾಶವೇ ಬೀಳಲಿ, ಯಾರೂ ಮಿಸುಕಬಾರದು.

ಬೆನ್ನಿ


ಓಲ್ಡ್ ಬ್ರಿಡ್ಜ್
ಜನವರಿ 21, 2024

ಪ್ರೀತಿಯ ಅಕ್ಕನವರಿಗೆ,

ಇವರಿಗೆ ಹೇಳದೆ ಬರೆಯುತ್ತಿದ್ದೇನೆ. ನಿಮ್ಮ ತಮ್ಮ ಸಣ್ಣಪುಟ್ಟದ್ದು ಎಂದು ಬರೆದದ್ದನ್ನು ನನಗೇ ಓದಿ ತೋರಿಸಿದರು. ಆಗ ನಾನು ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ.

ಆ ಪಟ್ಟಿಯಲ್ಲಿ ಎಲ್ಲ ದಾಖಲಾಗಿದೆ ಅಕ್ಕಾ. ಇವರ ಹೃದಯ ಆಗಾಗ ನಿಲ್ಲುತ್ತದೆ. ಕೆಲವು ಕ್ಷಣ ನಿಂತು ಮತ್ತೆ ತಾನಾಗಿಯೇ ಹೊರಡುತ್ತದೆ. ಒಂದು ದಿನ ಹೊರಡದೇ ಹೋಗಬಹುದು. ಪೇಸ್‌ಮೇಕರ್ ಇಟ್ಟರೆ ಈ ಭಯವೇ ಇಲ್ಲವಂತೆ. ಡಾಕ್ಟರ್ ಓಂಕಾರ್ ಧಾರವಾಡದವರು, ನೇರ ಮಾತಿನವರು. ನಮ್ಮ ಅಡುಗೆಮನೆಯಲ್ಲೇ ಕೂತು ಹೇಳಿದರು, “ಇದು ಭಾಳ ಸಣ್ಣ ಕೆಲಸ ಅದರೀ. ಮಾಡಿಸಲಿಲ್ಲಂದ್ರ ಮಾತ್ರ ಸಣ್ಣದಲ್ಲ.”

ಆದರೆ ಪೇಸ್‌ಮೇಕರ್ ಇಟ್ಟ ಮೇಲೆ ಕೆಲವು ವಾರ ಎಡಗೈಯನ್ನು ಭುಜದಿಂದ ಮೇಲೆ ಎತ್ತಬಾರದು, ಆರ್ಗನ್ ಮುಟ್ಟಬಾರದು. ಅಷ್ಟು ಕೇಳಿದ್ದೇ ತಡ, ಇವರು ಎದ್ದು ನಿಂತರು. ಈಸ್ಟರ್ ಮುಗಿಯಲಿ ಎಂದರು. ನನ್ನ ಎದೆಯಲ್ಲೂ ಬ್ರುಕ್ನರನ ವಿರಾಮ ಉಂಟು ಎಂದು ತಮಾಷೆ ಬೇರೆ. ಡಾಕ್ಟರ್ ನಗಲಿಲ್ಲ. ಬೇರೆ ಯಾರಾದರೂ ಈ ವರ್ಷ ಕೊಯರ್ ನೋಡಿಕೊಳ್ಳಲಿ ಎಂದು ನಾನು ಅತ್ತೆ, ಊಟ ಬಿಟ್ಟೆ, ಜಗಳ ಆಡಿದೆ. ಗೋಡೆಗೆ ಹೇಳಿದ ಹಾಗಾಯಿತು. ಕಾರಿನ ಕೀ ಮಾತ್ರ ಕಿತ್ತುಕೊಂಡಿದ್ದೇನೆ. ಬ್ರಿಡ್ಜ್‌ವಾಟರ್‌ನ ಆಫೀಸಿಗೆ ನಾನೇ ಡ್ರೈವ್ ಮಾಡಿ ಬಿಡುತ್ತೇನೆ. ಪಕ್ಕದ ಸೀಟಿನಲ್ಲಿ ಇವರು ಮಾತು ನಿಲ್ಲಿಸಿದರೆ ಸಾಕು, ಏನಾದರೊಂದು ಕೇಳಿ ಮಾತಾಡಿಸುತ್ತೇನೆ.

ಅತ್ತೆ ತೀರಿದ ಮೇಲೆ ಇವರನ್ನು ಸಾಕಿದ್ದು ನೀವು. ನಿಮ್ಮ ಮಾತೊಂದನ್ನು ಇವರು ಮೀರಿದ್ದು ನಾನು ಕಂಡಿಲ್ಲ. ಹೇಳಿ ಅಕ್ಕಾ.

ನಿಮ್ಮ,
ಜೆಸಿಂತಾ


ಕ್ವೀನ್ಸ್
ಜನವರಿ 30, 2024

ಬೆನ್ನಿ,

ಜೆಸಿಂತಾ ಬರೆದಿದ್ದಾಳೆ. ಅವಳ ಮೇಲೆ ಸಿಡುಕಬೇಡ. ನಿನ್ನ ಹೆಂಡತಿಯಾಗಿ ಮಾಡಬೇಕಾದ್ದನ್ನೇ ಮಾಡಿದ್ದಾಳೆ.

ಮಾಡಿಸಿಕೋ ಎಂದು ಈ ಕಾಗದದಲ್ಲೇ ಬರೆದು ಮುಗಿಸಬಹುದಿತ್ತು. ಆದರೆ ನಿನ್ನನ್ನು ನಾನು ಬಲ್ಲೆ. ಒಂದೇ ಪಕ್ಷದ ಮಾತು ಕೇಳಿ ತೀರ್ಪು ಕೊಟ್ಟೆ ಎಂದು ಮುನಿಸಿಕೊಂಡು ಕೂರುತ್ತೀಯ. ಹಾಗಾಗಿ ನಿನ್ನ ಕೈಯಿಂದಲೇ ನನಗೆ ಬರೆ. ಡಾಕ್ಟರ್ ಏನು ಹೇಳಿದರು, ಏಕೆ ಬೇಡ ಎನ್ನುತ್ತೀಯ, ಎಲ್ಲವನ್ನೂ ಬಿಡಿಸಿ ಬರೆ. ಸುಳ್ಳು ಹೇಳಬೇಡ, ತಮಾಷೆಯೂ ಬೇಡ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮೊದಲು ನನ್ನ ಕೈ ಸೇರಬೇಕು. ಅದೇ ದಿನ ಉತ್ತರ ಹಾಕುತ್ತೇನೆ.

ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಒಂದೇ ಸಲ, ಕೊನೆಯ ಸಲ, ಮನಸ್ಸಿಗೆ ಬಂದದ್ದನ್ನು ಹಾಡಿಸಬೇಕೆಂಬ ಆಸೆ ನನಗೂ ತಿಳಿಯುತ್ತದೆ. ತಿಳಿಯುವುದರಿಂದಲೇ ಹೆದರಿಕೆಯಾಗುತ್ತಿದೆ.

ಕ್ಲೋಟಿಲ್ಡಾ


ಓಲ್ಡ್ ಬ್ರಿಡ್ಜ್
ಫೆಬ್ರವರಿ 12, 2024

ಅಕ್ಕಾ,

ತಡವಾಯಿತು. ಆಫೀಸು, ಪ್ರಾಕ್ಟೀಸು, ಏನೇನೋ. ನಾಳೆ ಹಿಮ ಬೀಳುತ್ತದೆ ಎಂದು ಟಿವಿಯಲ್ಲಿ ಹೇಳುತ್ತಿದ್ದಾರೆ. ಅಂಚೆಯವರು ಏನು ಮಾಡುತ್ತಾರೋ ಗೊತ್ತಿಲ್ಲ. ನನ್ನ ಪಾಲಿನದನ್ನು ನಾನು ಬರೆದುಬಿಡುತ್ತೇನೆ.

ಜೆಸಿಂತಾ ಬರೆದದ್ದು ನಿಜ. ಹೃದಯ ನಿಲ್ಲುತ್ತದೆ. ನಿಂತಾಗ ನೋವಿಲ್ಲ. ಸುತ್ತಲಿನ ಸದ್ದು ದೂರ ಹೋಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಆಮೇಲೆ ಎಲ್ಲ ವಾಪಸ್ ಬರುತ್ತದೆ. ಹೆದರಿಕೆ ಆಗುವುದು ಬಂದ ಮೇಲೆ.

ಏಕೆ ಬೇಡ ಎಂದರೆ ಇಷ್ಟೇ. ಅರವತ್ತು ದಾಟಿತು. ಬ್ರಿಡ್ಜ್‌ವಾಟರ್‌ನ ಔಷಧಿ ಕಂಪನಿಯಲ್ಲಿ ನಾನು ಮಾಡಿದ ಕೆಲಸವನ್ನು ನಾನು ಹೋದ ಮರುದಿನ ಇನ್ನೊಬ್ಬ ಮಾಡುತ್ತಾನೆ. ಆರ್ಗನ್ ಮುಂದೆ ಕೂತಾಗ ಮಾತ್ರ ನಾನು ನಾನು. ಮುಂದಿನ ವರ್ಷ ಎಂದರೆ ಆ ಚರ್ಚೂ ಇಲ್ಲ, ಆ ಬೆಂಚೂ ಇಲ್ಲ. ಬ್ರುಕ್ನರ್ ಬದುಕಿಡೀ ಬೇರೆಯವರ ಮಾತಿಗೆ ತಲೆಯಾಡಿಸಿದ. ನಾನೂ ಹಾಗೆಯೇ ಬದುಕಿದೆ. ಈ ಒಂದಕ್ಕೆ ತಲೆಯಾಡಿಸಲು ಮನಸ್ಸಿಲ್ಲ.

ಆದರೂ ನೀನು ಅಕ್ಕ. ಮಾಡಿಸಿಕೋ ಎಂದು ಒಂದು ಸಾಲು ಬರೆ, ಮರುದಿನವೇ ಆಸ್ಪತ್ರೆಗೆ ಹೋಗುತ್ತೇನೆ, ಜೆಸಿಂತಾಳ ಮೇಲಾಣೆ. ನಿನ್ನಿಂದ ಉತ್ತರ ಬಾರದಿದ್ದರೆ, ಪವಿತ್ರ ವಾರ ಮುಗಿಸಿಕೋ ಎಂದು ಅಕ್ಕ ಒಪ್ಪಿದ್ದಾಳೆ ಎಂದು ತಿಳಿಯುತ್ತೇನೆ. ಜೆಸಿಂತಾಳಿಗೂ ಹಾಗೆಯೇ ಹೇಳಿದ್ದೇನೆ. ಅವಳೂ ಕಾಯುತ್ತಿದ್ದಾಳೆ.

ಬೆನ್ನಿ


ಓಲ್ಡ್ ಬ್ರಿಡ್ಜ್
ಮಾರ್ಚ್ 10, 2024

ಅಕ್ಕಾ,

ಈಸ್ಟರ್ ತನಕ ನೀನು ಓದುವುದಿಲ್ಲ ಎಂದು ಗೊತ್ತಿದ್ದು ಬರೆಯುವುದರಲ್ಲಿ ಒಂದು ಸುಖವಿದೆ. ಬೈಯುವವರಿಲ್ಲ.

ಜೆಸಿಂತಾ ಈಗ ಜಗಳ ಆಡುವುದಿಲ್ಲ. ಅಕ್ಕ ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದು ನಂಬಿದ್ದಾಳೆ. ಮಠಕ್ಕೆ ಫೋನ್ ಮಾಡುತ್ತೇನೆ ಎಂದಿದ್ದಳು, ಕಾಯಿಲೆಯ ಕಾಗದವನ್ನು ತಪಸ್ಸುಕಾಲದಲ್ಲೂ ಓದುತ್ತಾರೆ ಎಂದೆ. ಅದು ಸುಳ್ಳಲ್ಲವಲ್ಲ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಮೊನ್ನೆ ಪ್ರಾಕ್ಟೀಸಿನಲ್ಲಿ ಒಂದು ಸಂಗತಿ ನಡೆಯಿತು. ಗುರುವಾರದ ಕೃತಿ ಚಿಕ್ಕದು, ವಾದ್ಯವಿಲ್ಲದೆ ಬರೇ ಕಂಠದಲ್ಲಿ ಹಾಡುವುದು. ಶಿಲುಬೆಯ ಮೇಲೆ ಸಾಯುವ ತನಕ ವಿಧೇಯನಾಗಿದ್ದವನ ಬಗ್ಗೆ. ಅದರ ದೊಡ್ಡ ವಿರಾಮಕ್ಕೆ ತಲೆ ಬಾಗಿಸಿದೆ, ಅಲ್ಲೇ ಎಲ್ಲ ದೂರ ಹೋಯಿತು. ಎಷ್ಟು ಹೊತ್ತೋ ತಿಳಿಯದು. ಕಣ್ಣು ಬಿಟ್ಟಾಗ ನನ್ನ ಹಣೆ ಆರ್ಗನ್ನಿನ ಮರಕ್ಕೆ ತಾಗಿತ್ತು. ತಲೆ ಎತ್ತಿದೆ. ನಂಬುತ್ತೀಯಾ, ಅವರೆಲ್ಲ ಹಾಗೆಯೇ ನಿಂತಿದ್ದರು. ಒಬ್ಬರೂ ಕೆಮ್ಮಿರಲಿಲ್ಲ. ನಾನು ತಲೆ ಎತ್ತಿದ್ದೇ ತಡ ಒಟ್ಟಿಗೆ ಹಾಡಿದರು. ಅಷ್ಟು ಚೆಂದ ಯಾವತ್ತೂ ಹಾಡಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಜೆಸಿಂತಾ ಕೂಡ ಇವತ್ತಿನ ಮೌನ ಎಷ್ಟು ಚೆನ್ನಾಗಿತ್ತು ಎಂದಳು. ಹೌದು ಎಂದೆ.

ಕಾರಿನಲ್ಲಿ ಬರುವಾಗ ಸಣ್ಣಗೆ ಹೆದರಿಕೆಯಾಯಿತು. ಮನೆ ತಲುಪುವಷ್ಟರಲ್ಲಿ ಹೋಯಿತು.

ಬೆನ್ನಿ


ಓಲ್ಡ್ ಬ್ರಿಡ್ಜ್
ಮಾರ್ಚ್ 26, 2024

ಅಕ್ಕಾ,

ನಾಡಿದ್ದು ಗುರುವಾರ. ಏಪ್ರಿಲ್ ಮೊದಲ ವಾರಕ್ಕೆ ಪೇಸ್‌ಮೇಕರ್‌ಗೆ ದಿನ ಗೊತ್ತು ಮಾಡಿದ್ದಾರೆ. ಸಹಿ ಹಾಕಿ ಕೊಟ್ಟೆ. ಡಾಕ್ಟರ್ ಓಂಕಾರ್ ತಾವೂ ಗುರುವಾರ ಚರ್ಚಿಗೆ ಬಂದು ಕೂರುತ್ತೇನೆ ಎಂದಿದ್ದಾರೆ. ಸಂಗೀತ ಕೇಳಲಿಕ್ಕಲ್ಲ, ನನ್ನನ್ನು ಕಾಯಲಿಕ್ಕೆ. ಇನ್ನೇನು ಬೇಕು?

ನಿನ್ನೆ ಸ್ನಾನದಮನೆಯಲ್ಲಿ ಮತ್ತೆ ಕಣ್ಣಿಗೆ ಕತ್ತಲೆ ಬಂತು. ಅಕ್ಕಾ, ಒಂದು ಮಾತು. ನೀನು ಈ ಕಾಗದಗಳನ್ನು ಒಡೆದಿದ್ದರೆ, ಉತ್ತರ ಬರೆದಿದ್ದರೆ ಎಂದು ಈಗೀಗ ಅನಿಸುತ್ತದೆ. ದಿನಾ ಅಂಚೆಪೆಟ್ಟಿಗೆ ತೆರೆದು ನೋಡುತ್ತೇನೆ. ಬರುವುದಿಲ್ಲ ಎಂದು ಗೊತ್ತು. ಆದರೂ ನೋಡುತ್ತೇನೆ.

ಬೆನ್ನಿ


ನ್ಯೂಜೆರ್ಸಿ, ಆಸ್ಪತ್ರೆಯಿಂದ
ಮಾರ್ಚ್ 31, 2024, ಈಸ್ಟರ್

ಅಕ್ಕನವರಿಗೆ,

ಇವರು ಆಸ್ಪತ್ರೆಯಲ್ಲಿದ್ದಾರೆ ಎಂದು ಗುರುವಾರ ರಾತ್ರಿ ಮದರ್‌ಗೆ ಫೋನಿನಲ್ಲಿ ಹೇಳಿದ್ದಷ್ಟೇ. ಪೂರ್ತಿ ಹೇಳಲು ಆಗಲಿಲ್ಲ. ಡಾಕ್ಟರ್ ಓಂಕಾರ್ ತಾವೇ ಕ್ವೀನ್ಸ್‌ಗೆ ತಂದು ಕೊಡುತ್ತೇನೆ ಎಂದರು, ಅದಕ್ಕೆ ಬರೆಯುತ್ತಿದ್ದೇನೆ.

ಗ್ಲೋರಿಯಾ ಸ್ತೋತ್ರಕ್ಕೆ ಇವರು ಆರ್ಗನ್ನನ್ನು ಗೋಡೆ ನಡುಗುವ ಹಾಗೆ ನುಡಿಸಿದರು. ಆಮೇಲೆ ಪದ್ಧತಿಯಂತೆ ಈಸ್ಟರ್ ತನಕ ಎಂದು ಆರ್ಗನ್ ಮುಚ್ಚಿದರು. ಬ್ರುಕ್ನರ್ ಹಾಡುವಾಗ ಬೆಂಚಿನ ಮೇಲೆ ನಮ್ಮ ಕಡೆ ತಿರುಗಿ ಕೂತಿದ್ದರು. ಇವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ದೊಡ್ಡ ವಿರಾಮ ಬಂತು. ತಲೆ ಬಾಗಿಸಿದರು. ಪಕ್ಕದ ಆರ್ಗನ್ನಿಗೆ ಒರಗಿದರು.

ನಾವು ಕಾದೆವು. ಅಕ್ಕಾ, ನಾವು ಕಾದೆವು. ಆಕಾಶವೇ ಬಿದ್ದರೂ ಮಿಸುಕಬಾರದು ಎಂದಿದ್ದರಲ್ಲ. ಬಹಳ ಹೊತ್ತಾಯಿತು. ಕೂಗಿ ಕರೆಯೋಣ ಎನಿಸಿತು, ಆದರೆ ಇದನ್ನೇ ಇವರು ಇಷ್ಟು ತಿಂಗಳು ಕಲಿಸಿದ್ದು, ನಾನು ಬಾಯಿಬಿಟ್ಟರೆ ಎಲ್ಲವನ್ನೂ ಕೆಡಿಸಿದ ಹಾಗಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. ಆರ್ಗನ್ನೂ ನಾವೂ ಇರುವ ಮೇಲಿನ ಗ್ಯಾಲರಿ ಕೆಳಗೆ ಕೂತವರಿಗೆ ಕಾಣುವುದಿಲ್ಲ. ಡಾಕ್ಟರ್ ಕೂಡ ಸಂಗೀತವೇ ಹೀಗೆ ಇರಬೇಕು ಎಂದುಕೊಂಡು ಕೂತಿದ್ದರಂತೆ. ಇವರು ಬೆಂಚಿನಿಂದ ಜಾರಿ ಬಿದ್ದ ಸದ್ದು ಕೇಳಿದ ಮೇಲೆ ಮೆಟ್ಟಿಲು ಹತ್ತಿ ಓಡಿ ಬಂದರು. ಎದೆ ಒತ್ತಿ ಒತ್ತಿ ಹೃದಯವನ್ನು ಮತ್ತೆ ಹೊರಡಿಸಿದರು. ಹೃದಯ ಹೊರಟಿತು. ಇವರು ಮಾತ್ರ ವಾಪಸ್ ಬರಲಿಲ್ಲ.

ಈಗ ಯಂತ್ರ ಉಸಿರಾಡಿಸುತ್ತಿದೆ. ಮೆದುಳಿನ ಪರೀಕ್ಷೆಗಳನ್ನೆಲ್ಲ ಮಾಡಿದರು. ಆಸೆ ಇಟ್ಟುಕೊಳ್ಳಬೇಡಿ ಎಂದರು. ಯಂತ್ರ ತೆಗೆಯುವ ಬಗ್ಗೆ ನನ್ನನ್ನು ಕೇಳುತ್ತಿದ್ದಾರೆ. ಅಕ್ಕ ಹೇಳಿದ ಹಾಗೆ ಎಂದೇ ಇವರು ಬದುಕಿದವರು. ನಾನು ಯಾರನ್ನು ಕೇಳಲಿ? ಅವತ್ತು ನೀವು ಏಕೆ ಬರೆಯಲಿಲ್ಲ ಎಂದು ಕೇಳುವುದಿಲ್ಲ. ಈಗ ಹೇಳಿ.

ಜೆಸಿಂತಾ


ಕ್ವೀನ್ಸ್
ಏಪ್ರಿಲ್ 1, 2024

ಬೆನ್ನಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ನಿನ್ನ ಹಾಸಿಗೆಯ ಪಕ್ಕ ಕೂತು ಓದುತ್ತೇನೆ. ಕೇಳಿಸುತ್ತದೋ ಇಲ್ಲವೋ, ಬೈಗುಳ ನಿನಗೆ ಸಲ್ಲಬೇಕಾದ್ದು.

ಶುಭ ಶುಕ್ರವಾರ ಮದರ್ ನನ್ನನ್ನು ಕರೆದು, ನೀನು ಆಸ್ಪತ್ರೆಯಲ್ಲಿರುವುದನ್ನು ಹೇಳಿ, ಪೆಟ್ಟಿಗೆಯಿಂದ ನಿನ್ನ ಕಾಗದಗಳನ್ನೆಲ್ಲ ತೆಗೆದು ಕೊಟ್ಟರು. ಒಂದರ ಮೇಲೂ ‘ತುರ್ತು’ ಎಂದು ಬರೆದಿರಲಿಲ್ಲ. ಹಿಮದ ಹಿಂದಿನ ದಿನ ಬರೆದಿದ್ದೀಯ, ಎರಡೇ ದಿನವಿದ್ದ ಬೂದಿ ಬುಧವಾರಕ್ಕೆ ತಲುಪದ ಹಾಗೆ. ಆ ದಿನ ಯಾವಾಗ ಎಂದು ಗೊತ್ತಿಲ್ಲದವನೋ ನೀನು? ಪ್ರತಿ ವರ್ಷ ಆ ಪೂಜೆಗೆ ಆರ್ಗನ್ ನುಡಿಸುವವನು. ನೀನು ನನ್ನ ಮಾತನ್ನು ಕೇಳಲಿಲ್ಲ ಬೆನ್ನಿ. ನಾನು ಬಾಯಿ ಮುಚ್ಚಿಕೊಂಡಿರುವ ಹೊತ್ತು ನೋಡಿ, ಅದನ್ನೇ ಒಪ್ಪಿಗೆ ಎಂದು ಹೆಂಡತಿಗೆ ತೋರಿಸಿದೆ. ನನಗೆ ಸಿಟ್ಟು ಬಂದಿದೆ. ಮೂರು ದಿನದಿಂದ ಪ್ರಾರ್ಥನೆಗೆ ಬಾಯಿ ಬರುತ್ತಿಲ್ಲ.

ನನ್ನದನ್ನೂ ಹೇಳುತ್ತೇನೆ. ತಪಸ್ಸುಕಾಲದ ಮೊದಲ ವಾರ ಮದರ್ ಕೈಯಲ್ಲಿ ಆ ಲಕೋಟೆಯನ್ನು ನೋಡಿದೆ. ನಿನ್ನ ಅಕ್ಷರ ಗುರುತು ಸಿಕ್ಕಿತು. ಅದರಲ್ಲಿ ಏನಿದೆ ಎಂದೂ ಗೊತ್ತಿತ್ತು, ಕೇಳಿದವಳೇ ನಾನಲ್ಲವೋ? ಒಂದು ಮಾತು ಕೇಳಿದ್ದರೆ ಮದರ್ ಕೊಡುತ್ತಿದ್ದರು. ಬುಧವಾರಕ್ಕೆ ಮೊದಲು ಬರೆ ಎಂದರೆ ತಡ ಮಾಡಿದನಲ್ಲ, ಈಗ ಅವನೇ ಕಾಯಲಿ ಎಂದುಕೊಂಡೆ. ಆ ಸಿಟ್ಟಿಗೆ ತಪಸ್ಸು ಎಂದು ಹೆಸರಿಟ್ಟು ಊಟದ ಮನೆಗೆ ನಡೆದೆ. ‘ಕೇಳಬಹುದಿತ್ತಲ್ಲ ಸಿಸ್ಟರ್’ ಎಂದರು ಮದರ್ ಶುಕ್ರವಾರ. ಹೌದು, ಕೇಳಬಹುದಿತ್ತು.

ನಿನ್ನೆ ಸಂಜೆ ಡಾಕ್ಟರ್ ಓಂಕಾರ್ ಜೆಸಿಂತಾಳ ಕಾಗದ ತಂದರು. ಜಾಲಿಯ ಆಚೆ ಕೂತು ಮುಖ ಮುಚ್ಚಿಕೊಂಡರು. “ನಾನು ಡಾಕ್ಟರ್ ಸಿಸ್ಟರ್, ನನಗ ಗೊತ್ತಾಗಬೇಕಿತ್ತು” ಎಂದರು. ಅವರ ಫೋನಿನಲ್ಲೇ ಅಲ್ಲಿಂದಲೇ ಜೆಸಿಂತಾಳಿಗೆ ಮಾತಾಡಿದೆ. ಈ ಸಲ ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ. ಯಂತ್ರ ತೆಗೆಯಲಿ, ಹೇಳಿದವಳು ನಾನು, ನೀನಲ್ಲ, ಇದರ ಭಾರ ನಿನ್ನ ಮೇಲಿಲ್ಲ ಎಂದೆ. ಅವಳು ಅಳುತ್ತಾ ಆಗಲಿ ಅಕ್ಕಾ ಎಂದಳು. ನಾನು ಬಂದ ಮೇಲೆ, ನಾಳೆ ಬೆಳಿಗ್ಗೆ ತೆಗೆಯುತ್ತಾರೆ.

ಮದರ್ ಮಠದಿಂದ ಹೊರಗೆ ಹೋಗಲು ಅನುಮತಿ ಕೊಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ವೈದ್ಯರ ಬಳಿಗೆ ಬಿಟ್ಟರೆ ನಾನು ಈ ಬಾಗಿಲು ದಾಟಿದವಳಲ್ಲ. ಚಪ್ಪಲಿ ಯಾವುದು ಹಾಕಿಕೊಳ್ಳಲಿ ಎಂದೂ ತಿಳಿಯದೆ ಕೂತಿದ್ದೇನೆ.

ನೀನು ಹೇಳುತ್ತಿದ್ದ ಈಸ್ಟರ್ ನಿನ್ನೆ ಮುಗಿಯಿತು. ನಾನು ಬರುವ ತನಕ ಹೋಗಬೇಡ. ಇದನ್ನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ನಿನ್ನ ಅಕ್ಕ